ತಲೆಸ್ನಾನದ ನಂತರ ಕೂದಲು ಒಣಗಿಸುವುದು ಹೇಗೆ? ಟವೆಲ್, ಬಿಸಿಲು, ಡ್ರೈಯರ್, ಸಾಂಬ್ರಾಣಿ ಹೊಗೆ: ಯಾವುದು ಸರಿ, ಯಾವುದು ಬೇಡ?

ಡ್ರೈಯರ್ ಮುಟ್ಟಿದರೆ ಕೂದಲು ಬುಡಸಮೇತ ಉದುರುತ್ತದೆ ಎನ್ನುತ್ತದೆ ಒಂದು ಫಾರ್ವರ್ಡ್. ಡ್ರೈಯರ್‌ಗಿಂತ ಗಾಳಿಗೆ ಒಣಗಿಸುವುದೇ ಹೆಚ್ಚು ಹಾನಿ, ವಿಜ್ಞಾನಿಗಳೇ ಹೇಳಿದ್ದಾರೆ ಎನ್ನುತ್ತದೆ ಇನ್ನೊಂದು ರೀಲ್. ಒದ್ದೆ ತಲೆಯಲ್ಲಿ ಮಲಗಿದರೆ ನೆಗಡಿ, ಬಿಸಿಲಲ್ಲಿ ಒಣಗಿಸಿದರೆ ನರೆ, ಸಾಂಬ್ರಾಣಿ ಹೊಗೆ ಹಿಡಿದರೆ ಮೊಣಕಾಲುದ್ದ ಕೂದಲು. ಒಂದೇ ಫ್ಯಾಮಿಲಿ ಗ್ರೂಪಿನಲ್ಲಿ ಒಂದಕ್ಕೊಂದು ತದ್ವಿರುದ್ಧವಾದ ಸಲಹೆಗಳು ದಿನಾ ಬರುತ್ತವೆ. ಯಾವುದನ್ನು ನಂಬಬೇಕು?

ಈ ಮಾತುಗಳಲ್ಲಿ ಕೆಲವು ಅರ್ಧ ನಿಜ, ಕೆಲವು ಪೂರ್ತಿ ಸುಳ್ಳು. ಒಂದು ಪದ್ಧತಿಯಂತೂ ಕೂದಲಿಗಿಂತ ಹೆಚ್ಚಾಗಿ ಬಾಣಂತಿ ಮತ್ತು ಹಸುಗೂಸಿನ ಉಸಿರಿಗೆ ಸಂಬಂಧಿಸಿದ್ದು. ಒಂದೊಂದಾಗಿ ನೋಡೋಣ.

ಚುಟುಕಾಗಿ ಉತ್ತರ

• ಯಾವ ವಿಧಾನದಿಂದ ಒಣಗಿಸಿದರೂ ಕೂದಲು ಬೇಗ ಬೆಳೆಯುವುದಿಲ್ಲ. ಸರಿಯಾಗಿ ಒಣಗಿಸಿದರೆ ಬೆಳೆದ ಕೂದಲು ತುಂಡಾಗದೆ ಉಳಿಯುತ್ತದೆ, ಅಷ್ಟೇ. ಉದ್ದ ಕೂದಲು ಬೇಕೆನ್ನುವವರಿಗೆ ಅದೇ ದೊಡ್ಡ ಲಾಭ.
• ಕೂದಲಿಗೆ ಮೂರು ಶತ್ರುಗಳು: ಒದ್ದೆಯಿದ್ದಾಗ ಉಜ್ಜುವುದು ಮತ್ತು ಎಳೆಯುವುದು, ಅತಿಯಾದ ಬಿಸಿ, ಗಂಟೆಗಟ್ಟಲೆ ಒದ್ದೆಯಾಗಿಯೇ ಉಳಿಯುವುದು.
• ಒಳ್ಳೆಯ ದಾರಿ: ತೆಳು ಹತ್ತಿ ಬಟ್ಟೆಯಲ್ಲಿ ಒತ್ತಿ ನೀರು ತೆಗೆದು, ಗಾಳಿಯಾಡುವ ಕಡೆ ಬಿಟ್ಟು ಒಣಗಿಸುವುದು. ಅವಸರವಿದ್ದರೆ ಕಡಿಮೆ ಬಿಸಿಯ ಡ್ರೈಯರ್, ಒಂದು ಗೇಣು ದೂರದಿಂದ.
• ಮುಚ್ಚಿದ ಕೋಣೆಯಲ್ಲಿ ಕೆಂಡ ಮತ್ತು ಸಾಂಬ್ರಾಣಿ ಹೊಗೆ ಬೇಡ. ಮಗು ಇರುವ ಕೋಣೆಯಲ್ಲಂತೂ ಬೇಡವೇ ಬೇಡ.

ಮೊದಲು ಒಂದು ಸಣ್ಣ ಲೆಕ್ಕ

ತಲೆಗೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರಿನಷ್ಟು ಬೆಳೆಯುತ್ತದೆ. ವರ್ಷಕ್ಕೆ ಹೆಚ್ಚೆಂದರೆ 15 ಸೆಂಟಿಮೀಟರ್ ಆಸುಪಾಸು. ಈ ಬೆಳವಣಿಗೆ ನಡೆಯುವುದು ಚರ್ಮದ ಒಳಗೆ, ಕೂದಲಿನ ಬುಡದಲ್ಲಿ. ಅದನ್ನು ನಿರ್ಧರಿಸುವುದು ವಂಶವಾಹಿ, ವಯಸ್ಸು, ಹಾರ್ಮೋನು, ಆಹಾರ, ಆರೋಗ್ಯ. ಒಂದು ಕೂದಲು ಸಾಮಾನ್ಯವಾಗಿ 2ರಿಂದ 6 ವರ್ಷ ಬೆಳೆದು, ಸ್ವಲ್ಪ ಕಾಲ ವಿಶ್ರಾಂತಿ ಪಡೆದು ಉದುರುತ್ತದೆ. ಅದೇ ಜಾಗದಲ್ಲಿ ಹೊಸದು ಹುಟ್ಟುತ್ತದೆ.

ಚರ್ಮದಿಂದ ಹೊರಗೆ ಬಂದ ಕೂದಲಿಗೆ ಜೀವವಿಲ್ಲ. ಅದರಲ್ಲಿ ರಕ್ತವೂ ಇಲ್ಲ, ನರವೂ ಇಲ್ಲ. ಹಾಗಾಗಿಯೇ ಕತ್ತರಿಸಿದರೆ ನೋವಾಗುವುದಿಲ್ಲ. ಗಾಯವಾದರೆ ಚರ್ಮ ಮಾಯುತ್ತದೆ, ಕೂದಲು ಮಾಯುವುದಿಲ್ಲ. ಒಮ್ಮೆ ಸೀಳಿದ ತುದಿ ತಾನಾಗಿ ಕೂಡಿಕೊಳ್ಳುವುದಿಲ್ಲ.

ಈಗ ಲೆಕ್ಕ ಹಾಕಿ. ಸೊಂಟದವರೆಗೆ, ಅಂದರೆ ಸುಮಾರು 75 ಸೆಂಟಿಮೀಟರ್ ಉದ್ದದ ಕೂದಲಿದೆ ಎಂದುಕೊಳ್ಳಿ. ಅದರ ತುದಿಗೆ ಕನಿಷ್ಠ 5 ವರ್ಷ ವಯಸ್ಸಾಗಿದೆ. ವಾರಕ್ಕೆ ಎರಡು ಸಲ ತಲೆಗೆ ಸ್ನಾನ ಮಾಡಿದರೆ ವರ್ಷಕ್ಕೆ 104 ಸಲ, 5 ವರ್ಷಕ್ಕೆ 520 ಸಲ. ಆ ತುದಿ ಐನೂರಕ್ಕೂ ಹೆಚ್ಚು ಬಾರಿ ನೆನೆದು, ಉಜ್ಜಿಸಿಕೊಂಡು, ಒಣಗಿ ಬಂದಿದೆ. ಒಂದು ಸಲದ ಒರಟುತನ ಲೆಕ್ಕಕ್ಕೆ ಬಾರದಿರಬಹುದು. ಅದೇ ಒರಟುತನ 520 ಸಲ ಆದರೆ ತುದಿ ಸವೆದು, ಸೀಳಿ, ಮುರಿಯುತ್ತದೆ. ಬುಡದಲ್ಲಿ ಬೆಳೆದಷ್ಟೇ ತುದಿಯಲ್ಲಿ ಮುರಿಯುತ್ತಿದ್ದರೆ, ಎಷ್ಟು ವರ್ಷ ಕಾದರೂ ಕೂದಲು ಭುಜ ದಾಟಿ ಇಳಿಯುವುದಿಲ್ಲ. ‘ನನ್ನ ಕೂದಲು ಬೆಳೆಯುವುದೇ ಇಲ್ಲ’ ಎನ್ನುವ ಅನೇಕರ ಕೂದಲು ಬೆಳೆಯುತ್ತಲೇ ಇರುತ್ತದೆ. ಉಳಿಯುವುದಿಲ್ಲ, ಅಷ್ಟೇ.

ಒದ್ದೆ ಕೂದಲಿನೊಳಗೆ ಏನಾಗುತ್ತದೆ?

ಕೂದಲಿನ ಹೊರಮೈಯನ್ನು ಮಂಗಳೂರು ಹೆಂಚಿನ ಮಾಡಿಗೆ ಹೋಲಿಸಬಹುದು. ಒಂದರ ಮೇಲೊಂದು ಅರ್ಧ ಹೊದಿಸಿದಂತೆ ಸಣ್ಣ ಸಣ್ಣ ಪೊರೆಗಳು, ಎಲ್ಲವೂ ಬುಡದಿಂದ ತುದಿಯ ಕಡೆಗೆ ಇಳಿಜಾರು. ಹೆಂಚುಗಳ ಕೆಳಗೆ ಕೆರಾಟಿನ್ ಎಂಬ ಪ್ರೋಟೀನಿನ ಎಳೆಗಳಿಂದಾದ ತಿರುಳು. ಕೂದಲಿಗೆ ಬಲ ಕೊಡುವುದು ಈ ತಿರುಳು. ಅದನ್ನು ಕಾಯುವುದು ಹೆಂಚು.

ಕೂದಲು ನೆನೆದಾಗ ತನ್ನ ತೂಕದ ಸುಮಾರು 30 ಶೇಕಡಾದಷ್ಟು ನೀರು ಹೀರಬಲ್ಲದು. ಆಗ ಅದು ಉದ್ದಕ್ಕೆ ಹೆಚ್ಚು ಹಿಗ್ಗುವುದಿಲ್ಲ, ದಪ್ಪದಲ್ಲಿ ಸುಮಾರು 15 ಶೇಕಡಾದಷ್ಟು ಉಬ್ಬುತ್ತದೆ. ಉಬ್ಬಿದಾಗ ಹೊರಗಿನ ಹೆಂಚುಗಳು ಸ್ವಲ್ಪ ಎದ್ದು ನಿಲ್ಲುತ್ತವೆ. ಒಳಗಿನ ಕೆರಾಟಿನ್ ಎಳೆಗಳನ್ನು ಹಿಡಿದಿಟ್ಟಿರುವ ದುರ್ಬಲ ಬಂಧಗಳನ್ನು, ಅಂದರೆ ಹೈಡ್ರೋಜನ್ ಬಂಧಗಳನ್ನು, ನೀರು ಸಡಿಲಿಸುತ್ತದೆ. ಒದ್ದೆ ಕೂದಲು ರಬ್ಬರಿನ ಹಾಗೆ ಎಳೆದಷ್ಟೂ ಬರುವುದು ಇದರಿಂದಲೇ. ಒಂದು ಮಿತಿ ದಾಟಿದರೆ ಅದು ಮೊದಲಿನ ಸ್ಥಿತಿಗೆ ಮರಳುವುದಿಲ್ಲ, ಇಲ್ಲವೇ ತುಂಡಾಗುತ್ತದೆ.

ಹೆಂಚುಗಳು ಎದ್ದಿರುವಾಗ ದಪ್ಪ ಟವೆಲ್‌ನಿಂದ ಗಸಗಸ ಉಜ್ಜಿದರೆ ಅವು ಕಿತ್ತು ಬರುತ್ತವೆ. ಬಂಧಗಳು ಸಡಿಲವಾಗಿರುವಾಗ ಬಾಚಣಿಗೆ ಹಾಕಿ ಎಳೆದರೆ ಕೂದಲು ಮುರಿಯುತ್ತದೆ. ಮತ್ತೆ ಮತ್ತೆ ಉಬ್ಬಿ ಕುಗ್ಗುವುದರಿಂದಲೂ ಕೂದಲು ನಿಧಾನಕ್ಕೆ ದಣಿಯುತ್ತದೆ. ಒಣಗಿಸುವ ಯಾವ ವಿಧಾನವನ್ನಾದರೂ ಅಳೆಯಲು ಈ ಮೂರು ಮಾತು ಸಾಕು.

ರೀಲ್‌ಗಳಲ್ಲಿ ಬರುವ ‘ಕೊರಿಯಾ ಅಧ್ಯಯನ’ ನಿಜವೇ?

ನಿಜ. ಆದರೆ ರೀಲ್‌ಗಳು ಅರ್ಧ ಮಾತ್ರ ಹೇಳುತ್ತವೆ.

2011ರಲ್ಲಿ ದಕ್ಷಿಣ ಕೊರಿಯಾದ ಸಂಶೋಧಕರು ‘ಆನಲ್ಸ್ ಆಫ್ ಡರ್ಮಟಾಲಜಿ’ ಎಂಬ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕತ್ತರಿಸಿದ ಕೂದಲಿನ ಗೊಂಚಲುಗಳನ್ನು ಗುಂಪು ಮಾಡಿ, ಬೇರೆ ಬೇರೆ ರೀತಿಯಲ್ಲಿ ತೊಳೆದು ಒಣಗಿಸಿದರು. ಒಂದು ಗುಂಪು 20 ಡಿಗ್ರಿ ಸೆಲ್ಸಿಯಸ್‌ನ ಕೋಣೆಯಲ್ಲಿ ತಾನಾಗಿ ಒಣಗಿತು. ಉಳಿದವಕ್ಕೆ ಡ್ರೈಯರ್ ಹಿಡಿದದ್ದು ಹೀಗೆ:

• 15 ಸೆಂಟಿಮೀಟರ್ ದೂರದಿಂದ 60 ಸೆಕೆಂಡು. ಬಿಸಿ 47 ಡಿಗ್ರಿ.
• 10 ಸೆಂಟಿಮೀಟರ್ ದೂರದಿಂದ 30 ಸೆಕೆಂಡು. ಬಿಸಿ 61 ಡಿಗ್ರಿ.
• 5 ಸೆಂಟಿಮೀಟರ್ ದೂರದಿಂದ 15 ಸೆಕೆಂಡು. ಬಿಸಿ 95 ಡಿಗ್ರಿ.

ಹೀಗೆ 30 ಸಲ ಮಾಡಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಮೂರು ವಿಷಯ ಕಂಡವು. ಒಂದು, ಬಿಸಿ ಹೆಚ್ಚಿದಂತೆ ಕೂದಲಿನ ಹೊರಮೈಗೆ ಹಾನಿ ಹೆಚ್ಚು. ಎರಡು, ಒಳಗಿನ ತಿರುಳಿಗೆ ಯಾವ ಗುಂಪಿನಲ್ಲೂ ಹಾನಿಯಾಗಿರಲಿಲ್ಲ. ಮೂರು, ಪೊರೆಗಳ ನಡುವೆ ಅಂಟಿನಂತಿರುವ ಪದರಕ್ಕೆ ಹಾನಿಯಾದದ್ದು ತಾನಾಗಿ ಒಣಗಿದ ಗುಂಪಿನಲ್ಲಿ ಮಾತ್ರ. ನೀರಿನ ಜೊತೆ ಹೆಚ್ಚು ಹೊತ್ತು ಇದ್ದದ್ದು ಇದಕ್ಕೆ ಕಾರಣವಿರಬಹುದು ಎಂದು ಅವರು ಅಂದಾಜಿಸಿದರು. 15 ಸೆಂಟಿಮೀಟರ್ ದೂರದಿಂದ, ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಾ ಡ್ರೈಯರ್ ಬಳಸಿದರೆ ತಾನಾಗಿ ಒಣಗುವುದಕ್ಕಿಂತ ಕಡಿಮೆ ಹಾನಿ ಎಂಬುದು ಅವರ ತೀರ್ಮಾನ.

ರೀಲ್‌ಗಳು ಬಿಟ್ಟುಬಿಡುವುದು ಆ ‘15 ಸೆಂಟಿಮೀಟರ್’ ಮತ್ತು ‘ಆಡಿಸುತ್ತಾ’ ಎಂಬ ಮಾತುಗಳನ್ನು. ಇದು ಪ್ರಯೋಗಾಲಯದ ಗೊಂಚಲುಗಳ ಮೇಲೆ ನಡೆದ ಪರೀಕ್ಷೆ, ಮನುಷ್ಯರ ತಲೆಯ ಮೇಲೆ ಅಲ್ಲ ಎಂಬುದನ್ನೂ ಅವು ಹೇಳುವುದಿಲ್ಲ. 20 ಡಿಗ್ರಿಯ ಕೋಣೆಯಲ್ಲಿ ಕೂದಲು ಒಣಗುವುದಕ್ಕೂ ಏಪ್ರಿಲ್‌ನಲ್ಲಿ ರಾಯಚೂರಿನ ಅಂಗಳದಲ್ಲಿ ಒಣಗುವುದಕ್ಕೂ ಬಹಳ ವ್ಯತ್ಯಾಸವಿದೆ.

ಇತ್ತ ಅಮೆರಿಕದ ಚರ್ಮವೈದ್ಯರ ಸಂಸ್ಥೆಯಾದ ಅಮೆರಿಕನ್ ಅಕಾಡೆಮಿ ಆಫ್ ಡರ್ಮಟಾಲಜಿ, ಟವೆಲ್‌ನಲ್ಲಿ ಸುತ್ತಿ ನೀರು ಹೀರಿಸಿ ಆದಷ್ಟು ಗಾಳಿಗೇ ಒಣಗಿಸಿ, ಡ್ರೈಯರ್ ಬಳಸಿದರೆ ಕಡಿಮೆ ಬಿಸಿಯಲ್ಲಿ ಬಳಸಿ ಎನ್ನುತ್ತದೆ. ಇವೆರಡೂ ಜಗಳವಾಡುತ್ತಿರುವಂತೆ ಕಂಡರೂ ಹೊಂದುವ ಜಾಗವೊಂದಿದೆ: ಹೆಚ್ಚು ಬಿಸಿಯೂ ಬೇಡ, ಹೆಚ್ಚು ಹೊತ್ತು ಒದ್ದೆಯೂ ಬೇಡ.

ಈಗ ವಿಧಾನಗಳನ್ನು ಒಂದೊಂದಾಗಿ ನೋಡೋಣ

1. ಟವೆಲ್: ಒತ್ತಿ, ಉಜ್ಜಬೇಡಿ

ಒಣಗಿಸುವ ಕೆಲಸದಲ್ಲಿ ಅತಿ ಮುಖ್ಯವಾದ ಹಂತ ಇದು. ಬಟ್ಟೆ ಎಷ್ಟು ಹೆಚ್ಚು ನೀರು ಹೀರುತ್ತದೋ, ಗಾಳಿಗೂ ಡ್ರೈಯರ್‌ಗೂ ಅಷ್ಟು ಕಡಿಮೆ ಕೆಲಸ. ಒರಟಾದ ದಪ್ಪ ಟವೆಲ್‌ಗಿಂತ ಮೆತ್ತನೆಯ ಹಳೆಯ ಪಂಚೆ, ಹತ್ತಿ ಸೀರೆಯ ತುಂಡು ಅಥವಾ ಹಳೆಯ ಕಾಟನ್ ಟಿ-ಶರ್ಟ್ ಒಳ್ಳೆಯದು. ಕೂದಲನ್ನು ಭಾಗ ಮಾಡಿ, ಬಟ್ಟೆಯ ನಡುವೆ ಇಟ್ಟು, ಬುಡದಿಂದ ತುದಿಯ ಕಡೆಗೆ ಒತ್ತುತ್ತಾ ಬನ್ನಿ. ಬಟ್ಟೆ ಹಿಂಡುವ ಹಾಗೆ ತಿರುಚಬೇಡಿ.

ಬಗ್ಗಿ ನಿಂತು ಟವೆಲ್‌ನಿಂದ ಕೂದಲನ್ನು ಫಟ್ ಫಟ್ ಎಂದು ಬಡಿದು ಒದರುವ ಅಭ್ಯಾಸ ಅನೇಕ ಮನೆಗಳಲ್ಲಿದೆ. ನೀರು ಹಾರುವುದೇನೋ ನಿಜ. ಆದರೆ ಪ್ರತಿ ಏಟಿಗೂ ಒದ್ದೆ ಕೂದಲು ಜಗ್ಗುತ್ತದೆ, ಸಿಕ್ಕಾಗುತ್ತದೆ. ಇದನ್ನು ಬಿಡುವುದೇ ಮೇಲು. ಭಾರದ ಟವೆಲ್ ಅನ್ನು ತಲೆಗೆ ಬಿಗಿಯಾಗಿ ಸುತ್ತಿ ಗಂಟೆಗಟ್ಟಲೆ ಓಡಾಡುವುದೂ ಬೇಡ. ಹಣೆಯ ಅಂಚಿನ ಕೂದಲು ಎಳೆದಂತಾಗುತ್ತದೆ, ನೆತ್ತಿಯೂ ಒದ್ದೆಯಾಗಿಯೇ ಉಳಿಯುತ್ತದೆ. ಸಡಿಲವಾಗಿ ಸುತ್ತಿ, 10 ನಿಮಿಷದೊಳಗೆ ಬಿಚ್ಚಿ.

2. ಗಾಳಿ ಮತ್ತು ಫ್ಯಾನು: ಹೆಚ್ಚಿನವರಿಗೆ ಇದೇ ಸಾಕು

ನೀರು ಆರಲು ಬೇಕಾದದ್ದು ಬಿಸಿಯೊಂದೇ ಅಲ್ಲ, ಚಲಿಸುವ ಒಣ ಗಾಳಿಯೂ ಬೇಕು. ನಿಂತ ಗಾಳಿಯಲ್ಲಿ ಕೂದಲ ಸುತ್ತಲಿನ ತೇವ ಅಲ್ಲೇ ಉಳಿಯುತ್ತದೆ. ಫ್ಯಾನು ಹಾಕಿದರೆ ಆ ತೇವ ಸರಿದು ಹೋಗಿ ಕೂದಲು ಬೇಗ ಆರುತ್ತದೆ. ಕೂದಲನ್ನು ಬೆರಳಿನಿಂದ ಮೆಲ್ಲಗೆ ಬಿಡಿಸಿ ಹರಡಿ ಕುಳಿತರೆ ಇನ್ನೂ ಬೇಗ.

ಮನೆಗೆಲಸದ ನಡುವೆ ಕೂದಲು ಬಿಟ್ಟುಕೊಂಡು ಓಡಾಡಲಾಗದವರು ಹಿಂದಿನಿಂದಲೂ ತುದಿಗಂಟು ಹಾಕುತ್ತಾ ಬಂದಿದ್ದಾರೆ. ತುದಿಯಲ್ಲಿ ಮಾತ್ರ ಸಡಿಲವಾದ ಒಂದು ಗಂಟು, ಮೇಲೆಲ್ಲಾ ಬಿಡಿ. ಬಿಗಿ ಜಡೆಗಿಂತ, ತುರುಬಿಗಿಂತ ಇದು ಎಷ್ಟೋ ಮೇಲು. ನೆತ್ತಿಗೆ ಗಾಳಿಯಾಡುತ್ತದೆ, ಬುಡಕ್ಕೆ ಎಳೆತವಿಲ್ಲ.

ಕರಾವಳಿ, ಮಲೆನಾಡಿನ ಮಳೆಗಾಲ ಬೇರೆಯೇ ಮಾತು. ಗಾಳಿಯಲ್ಲೇ ತೇವ ತುಂಬಿರುವಾಗ ದಟ್ಟ ಕೂದಲು ಸಂಜೆಯಾದರೂ ಒಣಗದಿರಬಹುದು. ಅಂಥ ದಿನಗಳಲ್ಲಿ ಫ್ಯಾನಿನ ಜೊತೆಗೆ ಕಡಿಮೆ ಬಿಸಿಯ ಡ್ರೈಯರ್ ಬಳಸಿದರೆ ತಪ್ಪೇನಿಲ್ಲ.

3. ಬಿಸಿಲು: ಎಳೆಬಿಸಿಲಾದರೆ ಸರಿ

ಬಿಸಿಲಿನಲ್ಲಿ ಕೂದಲು ಬೇಗ ಒಣಗುತ್ತದೆ. ಆದರೆ ಸೂರ್ಯನ ಅತಿನೇರಳೆ ಕಿರಣಗಳು ಕೂದಲಿನ ಪ್ರೋಟೀನನ್ನೂ ಬಣ್ಣವನ್ನೂ ನಿಧಾನಕ್ಕೆ ಒಡೆಯುತ್ತವೆ. ದಿನವಿಡೀ ಬಿಸಿಲಲ್ಲಿ ದುಡಿಯುವವರ ಕೂದಲ ತುದಿ ಕೆಂಚಗಾಗಿ ಒರಟಾಗುವುದು ಇದರಿಂದ. ಬೆಳಗಿನ ಎಳೆಬಿಸಿಲಿನಲ್ಲಿ ಹತ್ತು ಹದಿನೈದು ನಿಮಿಷ ಕೂತರೆ ಚಿಂತೆಯಿಲ್ಲ. ನಡುಮಧ್ಯಾಹ್ನದ ಸುಡುಬಿಸಿಲು ಬೇಡ.

ಬಿಸಿಲಿನಲ್ಲಿ ಒಣಗಿಸಿದರೆ ನರೆ ಬರುತ್ತದೆಯೇ? ಇಲ್ಲ. ನರೆ ಬರುವುದು ಕೂದಲಿನ ಬುಡದಲ್ಲಿ ಬಣ್ಣ ತಯಾರಿಸುವ ಕೋಶಗಳು ಕೆಲಸ ನಿಲ್ಲಿಸಿದಾಗ. ಬಿಸಿಲು ಹೊರಗಿನ ಕೂದಲಿನ ಬಣ್ಣವನ್ನು ಮಾಸಿಸುತ್ತದೆ, ಅಷ್ಟೇ.

4. ಡ್ರೈಯರ್: ದೂರ, ಕಡಿಮೆ ಬಿಸಿ, ಚಲನೆ

ಡ್ರೈಯರ್ ಕೂದಲನ್ನು ಬುಡಸಮೇತ ಉದುರಿಸುವುದಿಲ್ಲ. ಬುಡ ಇರುವುದು ಚರ್ಮದ ಒಳಗೆ ಕೆಲವು ಮಿಲಿಮೀಟರ್ ಆಳದಲ್ಲಿ. ಹದವಾದ ಬಿಸಿಗಾಳಿ ಅಲ್ಲಿಗೆ ಹಾನಿ ಮಾಡುವಷ್ಟು ತಲುಪುವುದಿಲ್ಲ. ಆದರೆ ತಪ್ಪಾಗಿ ಬಳಸಿದರೆ ಕೂದಲ ಹೊರಮೈ ಬಿರುಕು ಬಿಟ್ಟು, ನಡುವೆಯೇ ಮುರಿಯುತ್ತದೆ. ಬಾಚುವಾಗ ತುಂಡು ಕೂದಲು ಕೈಗೆ ಬಂದಾಗ ‘ಉದುರುತ್ತಿದೆ’ ಎನ್ನಿಸುವುದು ಸಹಜ.

ಸರಿಯಾದ ಬಳಕೆ ಹೀಗೆ. ಮೊದಲು ಬಟ್ಟೆಯಲ್ಲಿ ಒತ್ತಿ, ತೊಟ್ಟಿಕ್ಕುವುದು ನಿಂತ ಮೇಲೆಯೇ ಡ್ರೈಯರ್ ಹಿಡಿಯಿರಿ. ಕನಿಷ್ಠ 15 ಸೆಂಟಿಮೀಟರ್ ದೂರವಿರಲಿ. ಬಿಸಿ ಕಡಿಮೆ ಅಥವಾ ತಂಪು ಗಾಳಿಯ ಸ್ವಿಚ್ಚಿನಲ್ಲಿರಲಿ. ಕೈ ಆಡಿಸುತ್ತಲೇ ಇರಿ. ಗಾಳಿ ಬುಡದಿಂದ ತುದಿಯ ಕಡೆಗೆ ಹೋಗಲಿ. ಹೆಂಚಿನ ಇಳಿಜಾರು ಇರುವುದೂ ಅತ್ತಲೇ. ನಿಮ್ಮ ಅಂಗೈಯನ್ನು ಅದೇ ದೂರದಲ್ಲಿ ಹಿಡಿದು ನೋಡಿ. ಕೈಗೆ ತಡೆಯಲಾಗದ ಬಿಸಿ ಕೂದಲಿಗೂ ಬೇಡ. ಬುಡ ಪೂರ್ತಿ ಒಣಗಿ, ತುದಿಯಲ್ಲಿ ಕೊಂಚ ತೇವ ಇರುವಾಗಲೇ ನಿಲ್ಲಿಸಿ. ಅತಿ ಹಳೆಯದಾದ ತುದಿಗೆ ಅತಿ ಕಡಿಮೆ ಬಿಸಿ ತಾಗಬೇಕು.

ಕರೆಂಟ್ ಬಿಲ್ಲಿನ ಭಯವಿದ್ದರೆ: 1200 ವಾಟ್‌ನ ಡ್ರೈಯರ್ 5 ನಿಮಿಷ ಓಡಿದರೆ ಯೂನಿಟ್ಟಿನ ಹತ್ತನೇ ಒಂದು ಭಾಗ ಖರ್ಚು. ಆದರೆ ಬಚ್ಚಲುಮನೆಯಲ್ಲಿ, ಒದ್ದೆ ಕೈಯಲ್ಲಿ, ನೀರು ನಿಂತ ನೆಲದ ಮೇಲೆ ಡ್ರೈಯರ್ ಬಳಸುವುದು ಜೀವಕ್ಕೇ ಅಪಾಯ. ಹಸುಗೂಸಿನ ತಲೆಗೂ ಡ್ರೈಯರ್ ಬೇಡ, ಮಗುವಿನ ಚರ್ಮ ಬೇಗ ಸುಡುತ್ತದೆ.

5. ಒದ್ದೆ ಕೂದಲಿಗೆ ಸ್ಟ್ರೈಟ್ನರ್: ಎಂದೂ ಬೇಡ

ಡ್ರೈಯರ್ ಬಿಸಿ ಗಾಳಿ ಊದುತ್ತದೆ. ಸ್ಟ್ರೈಟ್ನರ್ ಮತ್ತು ಕರ್ಲಿಂಗ್ ಸಾಧನಗಳು ಕಾದ ಲೋಹವನ್ನೇ ಕೂದಲಿಗೆ ಒತ್ತುತ್ತವೆ. ಕೂದಲಿನೊಳಗೆ ನೀರಿರುವಾಗ ಹೀಗೆ ಮಾಡಿದರೆ ಆ ನೀರು ಥಟ್ಟನೆ ಆವಿಯಾಗಿ, ಹೊರಬರಲು ದಾರಿಯಿಲ್ಲದೆ ಕೂದಲಿನೊಳಗೇ ಗುಳ್ಳೆಗಳನ್ನು ಮಾಡುತ್ತದೆ. ಬಾಣಲೆಯ ಕಾದ ಎಣ್ಣೆಗೆ ಬಿದ್ದ ಹಪ್ಪಳ ಉಬ್ಬುವುದನ್ನು ನೆನಪಿಸಿಕೊಳ್ಳಿ. ವೈದ್ಯಸಾಹಿತ್ಯದಲ್ಲಿ 1986ರಲ್ಲಿ ಮೊದಲು ವರದಿಯಾದ ಈ ಸ್ಥಿತಿಗೆ ‘ಬಬಲ್ ಹೇರ್’ ಎಂದೇ ಹೆಸರು. ಗುಳ್ಳೆಯಾದ ಜಾಗದಲ್ಲಿ ಕೂದಲು ಒಣ ಹುಲ್ಲಿನಂತೆ ಮುರಿಯುತ್ತದೆ. ಹಾಳಾದ ಭಾಗವನ್ನು ಕತ್ತರಿಸುವುದಲ್ಲದೆ ಬೇರೆ ಪರಿಹಾರವಿಲ್ಲ. ಮದುವೆ ಮನೆಯ ಗಡಿಬಿಡಿಯಲ್ಲಿ ಅರ್ಧ ಒಣಗಿದ ಕೂದಲಿಗೆ ಸ್ಟ್ರೈಟ್ನರ್ ಹಿಡಿಯುವ ಮುನ್ನ ಇದು ನೆನಪಿರಲಿ.

6. ಸಾಂಬ್ರಾಣಿ ಹೊಗೆ: ಕೂದಲಿಗಿಂತ ಉಸಿರು ದೊಡ್ಡದು

ಎಣ್ಣೆಸ್ನಾನದ ನಂತರ, ಅದರಲ್ಲೂ ಬಾಣಂತನದಲ್ಲಿ, ಕೆಂಡದ ಮೇಲೆ ಸಾಂಬ್ರಾಣಿ ಹಾಕಿ ಆ ಹೊಗೆಗೆ ಕೂದಲು ಹಿಡಿಯುವುದು ನಮ್ಮಲ್ಲಿ ಹಳೆಯ ರೂಢಿ. ಬಾಣಂತಿಗೆ ಶೀತವಾಗಬಾರದು ಎಂಬ ಕಾಳಜಿಯಿಂದ ಹಿರಿಯರು ಇದನ್ನು ಮಾಡುತ್ತಾರೆ. ವಿದ್ಯುತ್ತೇ ಇಲ್ಲದ ಕಾಲದಲ್ಲಿ, ಮಳೆಗಾಲದ ನಡುವೆ ಉದ್ದ ಕೂದಲು ಒಣಗಿಸಲು ಇದು ಒಂದು ಉಪಾಯವೂ ಆಗಿತ್ತು.

ಆದರೆ ಕೂದಲು ಒಣಗಿಸುವುದು ಹೊಗೆಯಲ್ಲ, ಕೆಂಡದ ಬಿಸಿ. ಹೊಗೆಯಿಂದ ಸಿಗುವುದು ಪರಿಮಳ ಮಾತ್ರ. ಹೊಗೆಯಿಂದ ಕೂದಲು ಬೆಳೆಯುವುದಿಲ್ಲ.

ಅಪಾಯ ಇರುವುದು ಕೋಣೆಯಲ್ಲಿ. ಬಾಣಂತಿಗೆ ಗಾಳಿ ತಾಗಬಾರದೆಂದು ಕಿಟಕಿ ಬಾಗಿಲು ಮುಚ್ಚಿರುತ್ತಾರೆ. ಪಕ್ಕದಲ್ಲೇ ತೊಟ್ಟಿಲು. ಮುಚ್ಚಿದ ಕೋಣೆಯಲ್ಲಿ ಕೆಂಡ ಉರಿದಾಗ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದು ಆಕ್ರಮಿಸುತ್ತದೆ. ತಲೆನೋವು, ವಾಕರಿಕೆ, ಮಂಪರಿನಿಂದ ಶುರುವಾಗಿ ಪ್ರಾಣಕ್ಕೇ ಎರವಾಗಬಹುದು. ಹೊಗೆಯ ಸೂಕ್ಷ್ಮ ಕಣಗಳು ಹಸುಗೂಸಿನ ಪುಟ್ಟ ಶ್ವಾಸಕೋಶಕ್ಕೆ ಇಳಿಯುತ್ತವೆ. 5 ವರ್ಷದೊಳಗಿನ ಮಕ್ಕಳ ನ್ಯುಮೋನಿಯಾಗೆ ಮನೆಯೊಳಗಿನ ಹೊಗೆ ಒಂದು ದೊಡ್ಡ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸುತ್ತಲೇ ಬಂದಿದೆ.

ಅಜ್ಜಿಯ ಜೊತೆ ವಾದಕ್ಕಿಳಿಯಬೇಕಾಗಿಲ್ಲ. ‘ಕೂದಲು ಒಣಗಲೇಬೇಕು, ನೀವು ಹೇಳೋದು ಸರಿ ಅಜ್ಜಿ. ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಫ್ಯಾನು ಹಾಕಿ ಒಣಗಿಸೋಣ’ ಎಂದರೆ ಅವರ ಕಾಳಜಿಯೂ ಉಳಿಯುತ್ತದೆ. ಪರಿಮಳ ಬೇಕೆಂದರೆ ತಾಯಿ ಮಗು ಇಲ್ಲದ ಕೋಣೆಯಲ್ಲಿ, ಕಿಟಕಿ ತೆರೆದು, ಸ್ವಲ್ಪ ಧೂಪ ಹಾಕಿ. ಹೊಗೆ ಪೂರ್ತಿ ಹೋದ ಮೇಲೆ ಒಳಗೆ ಬರಲಿ. ಮಗುವಿನ ತಲೆಗೆ ಮೆತ್ತನೆಯ ಬಟ್ಟೆಯೊಂದೇ ಸಾಕು.

ಬಾಚುವುದು, ಕಟ್ಟುವುದು, ಮಲಗುವುದು

ನೇರ ಅಥವಾ ಅಲೆಯಲೆಯಾದ ಕೂದಲಿದ್ದರೆ ಸ್ವಲ್ಪ ಒಣಗಿದ ಮೇಲೆ ಬಾಚಿ. ತುಂಬಾ ಗುಂಗುರು ಕೂದಲಿದ್ದವರು ಮಾತ್ರ ತೇವವಿರುವಾಗಲೇ ಬಿಡಿಸಿಕೊಳ್ಳುವುದು ಒಳ್ಳೆಯದು. ಒಣಗಿದ ಮೇಲೆ ಎಳೆದರೆ ಆ ಕೂದಲು ಹೆಚ್ಚು ಮುರಿಯುತ್ತದೆ. ಯಾರೇ ಆಗಲಿ, ಅಗಲ ಹಲ್ಲಿನ ಬಾಚಣಿಗೆ ಬಳಸಿ. ತುದಿಯ ಸಿಕ್ಕು ಮೊದಲು, ಆಮೇಲೆ ನಡು, ಕೊನೆಗೆ ಬುಡ.

ಶಾಲೆಗೆ ಹೊರಟ ಹುಡುಗಿಯರಿಗೆ ಬೆಳಗ್ಗೆ ತಲೆಗೆ ನೀರು ಹಾಕಿ, ಒದ್ದೆ ಕೂದಲನ್ನೇ ಬಿಗಿದು ಎರಡು ಜಡೆ ಹಾಕಿ ರಿಬ್ಬನ್ ಕಟ್ಟಿ ಕಳಿಸುವುದುಂಟು. ಆ ಜಡೆಯ ಒಳಭಾಗ ಮಧ್ಯಾಹ್ನದವರೆಗೂ ಒಣಗಿರುವುದಿಲ್ಲ. ಸಡಿಲವಾದ ಬಂಧಗಳ ಮೇಲೆ ಇಡೀ ದಿನ ಎಳೆತ. ತಲೆಸ್ನಾನವನ್ನು ರಜಾದಿನಕ್ಕೋ ಸಂಜೆ ಬೇಗಕ್ಕೋ ಇಟ್ಟುಕೊಂಡರೆ ಈ ತೊಂದರೆಯಿಲ್ಲ.

ಬೈಕಿನಲ್ಲಿ ಹೋಗುವವರಿಗೂ ಇದೇ ಮಾತು. ಒದ್ದೆ ತಲೆಯ ಮೇಲೆ ಹೆಲ್ಮೆಟ್ ಹಾಕಿದರೆ ಬಿಸಿ, ತೇವ, ಉಜ್ಜಾಟ ಮೂರೂ ಸೇರುತ್ತವೆ. ಹಾಗೆಂದು ಹೆಲ್ಮೆಟ್ ಬಿಡಬೇಡಿ, ಸ್ನಾನದ ಹೊತ್ತನ್ನು ಬದಲಿಸಿ.

ನೆತ್ತಿ ಹೆಚ್ಚು ಹೊತ್ತು ತೇವವಾಗಿದ್ದರೆ ಶಿಲೀಂಧ್ರಗಳಿಗೆ ಹಿತ. ತಲೆಹೊಟ್ಟಿನ ಜೊತೆ ನಂಟಿರುವ ಮಲಸೇಜಿಯಾ ಎಂಬ ಶಿಲೀಂಧ್ರ ಎಲ್ಲರ ನೆತ್ತಿಯಲ್ಲೂ ಇರುತ್ತದೆ. ಒದ್ದೆ ಕೂದಲನ್ನು ಸದಾ ಗಂಟು ಕಟ್ಟುವವರಲ್ಲಿ ಕೆಲವೊಮ್ಮೆ ‘ವೈಟ್ ಪಿಯೆಡ್ರಾ’ ಎಂಬ ಸೋಂಕು ಕಾಣುತ್ತದೆ. ಕೂದಲ ಎಳೆಗೆ ಅಂಟಿದ ಬಿಳಿಯ ಮೆತ್ತನೆಯ ಸಣ್ಣ ಗಂಟುಗಳನ್ನು ನೋಡಿ ಹೇನಿನ ಸೀರು ಎಂದುಕೊಂಡು ಬಿಡುವವರಿದ್ದಾರೆ. ಹೇನಿನ ಔಷಧಿಗೆ ಬಗ್ಗದ ‘ಸೀರು’ ಇದ್ದರೆ ಚರ್ಮವೈದ್ಯರಿಗೆ ತೋರಿಸಿ.

ಫಾರ್ವರ್ಡ್‌ಗಳ ಇನ್ನಷ್ಟು ಮಾತುಗಳು

ಒದ್ದೆ ತಲೆಯಿಂದ ನೆಗಡಿ ಬರುತ್ತದೆಯೇ?
ನೆಗಡಿ ಬರುವುದು ವೈರಸ್‌ನಿಂದ. ವೈರಸ್ ಇಲ್ಲದೆ ಒದ್ದೆ ಕೂದಲೊಂದರಿಂದಲೇ ನೆಗಡಿ ಬರುವುದಿಲ್ಲ. ನೀರು ಆರುವಾಗ ನೆತ್ತಿಯ ಬಿಸಿಯನ್ನು ಎಳೆದುಕೊಳ್ಳುವುದರಿಂದ ಚಳಿ ಎನಿಸುವುದು ನಿಜ. ಬ್ರಿಟನ್ನಿನ ಕಾರ್ಡಿಫ್‌ನಲ್ಲಿ 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 90 ಜನರು 20 ನಿಮಿಷ ತಣ್ಣೀರಿನಲ್ಲಿ ಕಾಲಿಟ್ಟು ಕೂತರು, ಇನ್ನು 90 ಜನರು ಇಡಲಿಲ್ಲ. ಮುಂದಿನ ನಾಲ್ಕೈದು ದಿನದಲ್ಲಿ ಕಾಲಿಟ್ಟವರಲ್ಲಿ 13 ಜನ, ಇಡದವರಲ್ಲಿ 5 ಜನ ನೆಗಡಿಯ ಲಕ್ಷಣ ಹೇಳಿದರು. ಮೊದಲೇ ಮೈಯಲ್ಲಿದ್ದ ವೈರಸ್ ಚಳಿಯಿಂದ ತಲೆ ಎತ್ತಿರಬಹುದು ಎಂಬುದು ಅವರ ವಿವರಣೆ. ಅಂದರೆ ಅಜ್ಜಿಯ ಮಾತಿನಲ್ಲಿ ಚೂರು ಹುರುಳಿರಬಹುದು, ಆದರೆ ಮೂಲ ಕಾರಣ ಒದ್ದೆ ಕೂದಲಲ್ಲ.

ತುದಿ ಕತ್ತರಿಸಿದರೆ ಬೇಗ ಬೆಳೆಯುತ್ತದೆಯೇ?
ಇಲ್ಲ. ತುದಿಯಲ್ಲಿ ಏನಾಯಿತೆಂದು ಬುಡಕ್ಕೆ ಗೊತ್ತಾಗುವುದಿಲ್ಲ. ಆದರೆ ಸೀಳಿದ ತುದಿಯನ್ನು ತೆಗೆದರೆ ಸೀಳು ಮೇಲಕ್ಕೆ ಹರಿಯುವುದು ತಪ್ಪುತ್ತದೆ.

ತಂಪು ಗಾಳಿಗೆ ನೆತ್ತಿಯ ರಂಧ್ರ ಮುಚ್ಚುತ್ತದೆಯೇ?
ಚರ್ಮದ ರಂಧ್ರಗಳು ಬಾಗಿಲಿನಂತೆ ತೆರೆದು ಮುಚ್ಚುವುದಿಲ್ಲ. ತಂಪು ಗಾಳಿಯ ಲಾಭವೆಂದರೆ ಅನಗತ್ಯ ಬಿಸಿ ತಪ್ಪುವುದು.

ಕೊಬ್ಬರಿ ಎಣ್ಣೆಯಿಂದ ಉಪಯೋಗವಿದೆಯೇ?
ಇದೆ, ಆದರೆ ತೊಳೆಯುವ ಮೊದಲು ಹಚ್ಚಿದರೆ ಹೆಚ್ಚು. 2003ರಲ್ಲಿ ಪ್ರಕಟವಾದ ಮುಂಬೈನ ಅಧ್ಯಯನವೊಂದು ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಮತ್ತು ಖನಿಜ ತೈಲವನ್ನು ಹೋಲಿಸಿತು. ಕೂದಲಿನಿಂದ ಪ್ರೋಟೀನು ನಷ್ಟವಾಗುವುದನ್ನು ಕಡಿಮೆ ಮಾಡಿದ್ದು ಕೊಬ್ಬರಿ ಎಣ್ಣೆ ಮಾತ್ರ. ಅದರಲ್ಲಿರುವ ಲಾರಿಕ್ ಆಮ್ಲದ ಸಣ್ಣ, ನೇರ ಅಣುಗಳು ಕೂದಲಿನೊಳಗೆ ಇಳಿಯಬಲ್ಲವು. ಅಧ್ಯಯನ ಮಾಡಿದವರು ಕೊಬ್ಬರಿ ಎಣ್ಣೆ ಮಾರುವ ಕಂಪನಿಯ ಸಂಶೋಧಕರು ಎಂಬುದೂ ಗೊತ್ತಿರಲಿ. ಎಣ್ಣೆ ಕೂದಲನ್ನು ಕಾಯುತ್ತದೆ, ಹೊಸ ಕೂದಲು ಹುಟ್ಟಿಸುವುದಿಲ್ಲ.

ಮುರಿಯುತ್ತಿದೆಯೋ, ಉದುರುತ್ತಿದೆಯೋ? ಮನೆಯಲ್ಲೇ ನೋಡಿ

ಬಾಚಣಿಗೆಯಲ್ಲಿ ಸಿಕ್ಕ ಕೂದಲನ್ನು ಬಿಳಿ ಹಾಳೆಯ ಮೇಲಿಟ್ಟು ಗಮನಿಸಿ. ಒಂದು ತುದಿಯಲ್ಲಿ ಸಣ್ಣ ಬಿಳಿ ಗುಂಡು ಇದ್ದರೆ ಅದು ಬುಡದಿಂದ ಉದುರಿದ ಕೂದಲು. ದಿನಕ್ಕೆ 50ರಿಂದ 100 ಹೀಗೆ ಉದುರುವುದು ಸಹಜ. ಗುಂಡಿಲ್ಲದ, ಗಿಡ್ಡ ಗಿಡ್ಡ ತುಂಡುಗಳೇ ಹೆಚ್ಚಿದ್ದರೆ ಅದು ಮುರಿದ ಕೂದಲು. ಒಣಗಿಸುವ, ಬಾಚುವ ರೀತಿ ಬದಲಿಸಿದರೆ ಮುರಿಯುವುದು ಕಡಿಮೆಯಾಗುತ್ತದೆ.

ಗುಂಡಿರುವ ಕೂದಲೇ ಮುಷ್ಟಿಗಟ್ಟಲೆ ಬರುತ್ತಿದ್ದರೆ ಡ್ರೈಯರ್ ಬಿಟ್ಟರೂ ನಿಲ್ಲುವುದಿಲ್ಲ, ದುಬಾರಿ ಎಣ್ಣೆ ಹಚ್ಚಿದರೂ ನಿಲ್ಲುವುದಿಲ್ಲ. ಜೋರು ಜ್ವರ, ಡೆಂಗಿ, ಹೆರಿಗೆ, ದೊಡ್ಡ ಶಸ್ತ್ರಚಿಕಿತ್ಸೆ ಆಗಿ ಎರಡು ಮೂರು ತಿಂಗಳ ನಂತರ ಹೀಗಾಗಬಹುದು. ಹೆರಿಗೆಯ ನಂತರದ್ದು ಸಾಮಾನ್ಯವಾಗಿ ಮಗುವಿಗೆ ವರ್ಷ ತುಂಬುವ ಹೊತ್ತಿಗೆ ಸರಿಹೋಗುತ್ತದೆ. ಥೈರಾಯ್ಡ್ ತೊಂದರೆ, ಕಬ್ಬಿಣದ ಕೊರತೆಯೂ ಕಾರಣವಿರಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ 15ರಿಂದ 49 ವರ್ಷದ ಮಹಿಳೆಯರಲ್ಲಿ 57 ಶೇಕಡಾ ಮಂದಿಗೆ ರಕ್ತಹೀನತೆಯಿದೆ. ಬೇಗ ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು, ಜೊತೆಗೆ ಕೂದಲು ಉದುರುವುದು ಇದ್ದರೆ ಶಾಂಪೂ ಬದಲಿಸುವ ಮೊದಲು ಹತ್ತಿರದ ಆಸ್ಪತ್ರೆಯಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ನೆತ್ತಿಯಲ್ಲಿ ದುಂಡಗೆ ಬೋಳಾಗಿದ್ದರೆ, ಹುಣ್ಣು, ಕೀವು, ತೀವ್ರ ತುರಿಕೆ ಇದ್ದರೆ ಚರ್ಮವೈದ್ಯರನ್ನು ಕಾಣಿ.

ಗ್ರೂಪಿಗೆ ಕಳಿಸಬಹುದಾದ ಆರು ಸಾಲು

1. ಕೂದಲನ್ನು ಬಟ್ಟೆಯಲ್ಲಿ ಒತ್ತಿ, ಉಜ್ಜಬೇಡಿ, ಬಡಿಯಬೇಡಿ.
2. ಬೆರಳಿನಿಂದ ಬಿಡಿಸಿ, ಫ್ಯಾನು ಅಥವಾ ಎಳೆಬಿಸಿಲಿನಲ್ಲಿ ಒಣಗಿಸಿ.
3. ಬೇಗ ಒಣಗದಿದ್ದರೆ ಡ್ರೈಯರ್: ಕಡಿಮೆ ಬಿಸಿ, 15 ಸೆಂಟಿಮೀಟರ್ ದೂರ, ಕೈ ಆಡುತ್ತಿರಲಿ.
4. ಒದ್ದೆ ಕೂದಲಿಗೆ ಸ್ಟ್ರೈಟ್ನರ್ ಬೇಡ, ಬಿಗಿ ಜಡೆ ಬೇಡ, ಒದ್ದೆ ತಲೆಯಲ್ಲಿ ಮಲಗುವುದು ಬೇಡ.
5. ಮುಚ್ಚಿದ ಕೋಣೆಯಲ್ಲಿ ಕೆಂಡ, ಸಾಂಬ್ರಾಣಿ ಹೊಗೆ ಬೇಡ. ಮಗುವಿನ ಹತ್ತಿರ ಎಂದೂ ಬೇಡ.
6. ಬಿಳಿ ಗುಂಡಿರುವ ಕೂದಲು ಮುಷ್ಟಿಗಟ್ಟಲೆ ಉದುರಿದರೆ ವೈದ್ಯರನ್ನು ಕಾಣಿ.

ಮನೆಯಲ್ಲಿ ಬಾಣಂತಿ ಇರುವ ಬಂಧುಗಳು, ಗೆಳೆಯರು ನಿಮಗೆ ಗೊತ್ತಿದ್ದರೆ ಐದನೆಯ ಸಾಲನ್ನು ಮೊದಲು ಅವರಿಗೆ ತಲುಪಿಸಿ.